ಕುಪ್ಪಗಡ್ಡೆಯ ಅಣ್ಣತಮ್ಮಂದಿರೂ ನನ್ನ ಬಿಡಿಭಾಗದ ಕಂಪ್ಯೂಟರೂ

ನಾನು ಪರವಾನಗಿ ಪಡೆದ ಭೂಮಾಪಕ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜನರ ಹೊಲ, ಗದ್ದೆ, ತೋಟಗಳನ್ನು ಅಳೆಯುತ್ತಿದ್ದೇನೆ. ನಾನು ಅಳೆದ ಜಮೀನಿನಲ್ಲಿ ಒಂದು ಗೇಣು ಹೆಚ್ಚುಕಡಿಮೆ ಬಂತು ಎಂದು ಇದುವರೆಗೆ ಯಾರೂ ತಕರಾರು ಅರ್ಜಿ ಹಾಕಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ಅಳತೆ ನನ್ನದಾದರೂ ನಕ್ಷೆ ಮಾತ್ರ ಬಹಳ ಕಾಲ ಪರರ ಕೈಯಲ್ಲಿತ್ತು. ಹೊಲದಲ್ಲಿ ಅಳೆದದ್ದನ್ನು ಬರೆದುಕೊಂಡು ಬಂದು, ಪೇಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಮದುವೆ ಕಾರ್ಡಿನವರ ಹಿಂದೆ, ಬಾಡಿಗೆ ಕರಾರಿನವರ ಮುಂದೆ ಸರದಿ ಕಾದು ಕಂಪ್ಯೂಟರಿನಲ್ಲಿ ನಕ್ಷೆ ಬರೆಸಿಕೊಳ್ಳುತ್ತಿದ್ದೆ. ಒಂದು ಸಲ ಅವಸರದಲ್ಲಿ ಯಾವುದೋ ಮದುವೆ ಕಾರ್ಡೂ ನನ್ನ ನಕ್ಷೆಯೂ ಒಂದರ ಮೇಲೊಂದು ಕೂತು, ಗದ್ದೆಯ ಈಶಾನ್ಯ ಮೂಲೆಯಲ್ಲಿ ಗಣಪತಿಯೂ ಅವನ ಕೆಳಗೆ ಎರಡು ಬಾಳೆಗೊನೆಗಳೂ ಮುದ್ರಣವಾಗಿ ಬಂದವು. ಜಮೀನಿನ ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡರು. ಸರ್ವೆ ಕಚೇರಿಯವರು ಒತ್ತಿಕೊಳ್ಳಲಿಲ್ಲ.

ಅವತ್ತೇ ತೀರ್ಮಾನಿಸಿದೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನದೇ ಆಫೀಸು, ನನ್ನದೇ ಕಂಪ್ಯೂಟರು. ಖರ್ಚು ಮೂವತ್ತು ಸಾವಿರದೊಳಗೆ.

ನನ್ನ ಹೆಂಡತಿ ಸುಜಾತ ಗ್ರಾಮ ಪಂಚಾಯಿತಿಯೊಂದರಲ್ಲಿ ಹನ್ನೆರಡು ವರ್ಷಗಳಿಂದ ಕಂಪ್ಯೂಟರ್ ಆಪರೇಟರು. ಬೇರೆ ಯಾವುದೇ ಮನೆಯಲ್ಲಾಗಿದ್ದರೆ ಗಂಡನಾದವನು ಮೊದಲು ಅವಳನ್ನು ಕೇಳುತ್ತಿದ್ದ. ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ರೀ, ಅಂಗಡ್ಯಾಗೆ ಜೋಡಿಸಿಟ್ಟಿರೋದು ಒಂದು ತಗಂಬಂದ್ಬಿಡ್ರಿ. ಪ್ಲಗ್ ಹಾಕಿದ್ರೆ ಮುಗೀತು."

"ಜೋಡಿಸಿಟ್ಟಿದ್ದು ಅಂದ್ರೆ ಅವರಿಗೆ ಲಾಭ ಆಗೋ ಸಾಮಾನು ಸೇರಿಸಿರ್ತಾರೆ ಸುಜಾತ. ಒಂದೊಂದು ಭಾಗಾನೂ ನಾನೇ ಆರಿಸಿ ತಂದ್ರೆ ಅದೇ ದುಡ್ಡಿಗೆ ಎರಡರಷ್ಟು ಗಟ್ಟಿ ಕಂಪ್ಯೂಟರ್ ಆಗುತ್ತೆ."

"ಯಾವ್ಯಾವ ಭಾಗ ಬೇಕು ಅಂತ ನಿಮಗೆ ಗೊತ್ತೈತಾ?"

"ವಿಡಿಯೋ ನೋಡ್ತಾ ಇದ್ದೀನಿ," ಎಂದೆ.

ಮೂರು ವಾರ ನೋಡಿದೆ. ವಿಡಿಯೋದಲ್ಲಿ ಒಬ್ಬ ಮನುಷ್ಯ ಹದಿನೈದೇ ನಿಮಿಷದಲ್ಲಿ, ನಡುವೆ ಕಾಫಿಯನ್ನೂ ಕುಡಿದು, ಇಡೀ ಕಂಪ್ಯೂಟರು ಜೋಡಿಸುತ್ತಿದ್ದ. ಅವನ ಕೈಗಳು ನನ್ನ ಕೈಗಳಿಗಿಂತ ಯಾವ ರೀತಿಯಲ್ಲೂ ವಿಶೇಷವಾಗಿ ಕಾಣಲಿಲ್ಲ. ಒಂದು ನೋಟ್‌ಬುಕ್ಕು ತಂದು ಅಂಕಣ ಎಳೆದು, ಪ್ರತಿ ಭಾಗವೂ ಎಲ್ಲಿ ಅಗ್ಗವೋ ಅಲ್ಲಿಂದಲೇ ಕೊಳ್ಳತಕ್ಕದ್ದು ಎಂಬ ನಿಯಮ ಬರೆದೆ. ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು ಎಂಬ ನಿಯಮವನ್ನು ಬರೆಯಲಿಲ್ಲ. ಅಂಕಣದಲ್ಲಿ ಜಾಗ ಇರಲಿಲ್ಲ.

ಮೊದಲು ಶಿರಾಳಕೊಪ್ಪಕ್ಕೆ ಹೋದೆ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಇಮ್ತಿಯಾಜ್ ಎನ್ನುವವರ ಕಂಪ್ಯೂಟರ್ ಅಂಗಡಿಯಿದೆ. ಬಹಳ ಸಮಾಧಾನದ ಮನುಷ್ಯ. ಕಂಪ್ಯೂಟರಿನ ಮಿದುಳು ಎನ್ನುತ್ತಾರಲ್ಲ, ಆ ಪ್ರೊಸೆಸರ್ ಎರಡು ಬಗೆಯದು ತೋರಿಸಿದರು. ಎರಡೂ ಡಬ್ಬ ಒಂದೇ ಥರ, ಎರಡರ ಮೇಲೂ ಒಂದೇ ನಂಬರು. ಒಂದರ ನಂಬರಿನ ಕೊನೆಗೆ ಮಾತ್ರ 'ಎಫ್' ಎಂಬ ಅಕ್ಷರವಿತ್ತು. ಅಕ್ಷರ ಹೆಚ್ಚಿಗೆ ಇದ್ದದ್ದರ ಬೆಲೆ ಕಡಿಮೆ ಇತ್ತು! ಇಂಥ ಅವಕಾಶ ಪದೇ ಪದೇ ಬರುವುದಿಲ್ಲ.

"ಇದೇ ಕೊಡಿ," ಎಂದೆ.

"ಸರ್, ಇದರಲ್ಲಿ ಗ್ರಾಫಿಕ್ಸ್ ಇರಲ್ಲ. ಪರವಾಗಿಲ್ವಾ?"

"ನಾನು ಆಟ ಗೀಟ ಆಡೋನಲ್ಲ ಇಮ್ತಿಯಾಜ್ ಅವರೇ. ಆಫೀಸ್ ಕೆಲಸ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಮದರ್‌ಬೋರ್ಡ್ ಯಾವ್ದು ತಗೊಂಡಿದ್ದೀರಿ?"

"ಅದು ಆಮೇಲೆ."

ಇನ್ನೇನೋ ಕೇಳಲು ಬಾಯಿ ತೆರೆದರು. ನಾನು ಬಸ್ಸು ತಪ್ಪುತ್ತದೆಂದು ಎದ್ದುಬಿಟ್ಟೆ. ಮನೆಯಲ್ಲಿ ಸುಜಾತ ಡಬ್ಬ ತಿರುಗಿಸಿ ನೋಡಿ, "ಎಫ್ ಅಂದ್ರೆ ಏನ್ರಿ?" ಎಂದಳು.

"ಫಾಸ್ಟ್," ಎಂದೆ.

ಮದರ್‌ಬೋರ್ಡು ಎಂಬ, ಉಳಿದ ಭಾಗಗಳೆಲ್ಲ ಬಂದು ಕೂರುವ ಹಲಗೆ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಹಳೇ ಸ್ಟಾಕು ರಿಯಾಯಿತಿಗೆ ಸಿಕ್ಕಿತು. ಪ್ರೊಸೆಸರ್ ನಂಬರು ಹೇಳಿದಾಗ ಅವರೇ ಹೊಂದುತ್ತದೆ ಎಂದರು. ಈ ಇಡೀ ಯೋಜನೆಯಲ್ಲಿ ಒಂದಕ್ಕೊಂದು ಹೊಂದಿಕೊಂಡ ಎರಡು ವಸ್ತುಗಳು ಇವೇ. ಅದರಲ್ಲಿ ನನ್ನ ಪಾತ್ರವೇನೂ ಇಲ್ಲ. ಬೋರ್ಡಿನಲ್ಲೂ ದೊಡ್ಡದು, ಚಿಕ್ಕದು ಎಂದು ಎರಡಿದ್ದವು. ವ್ಯತ್ಯಾಸ ಅಲ್ಪವಾದ್ದರಿಂದ ದೊಡ್ಡದನ್ನೇ ತಂದೆ. ರ‍್ಯಾಮ್ ಎಂಬ ಪಟ್ಟಿಯನ್ನು ಆನ್‌ಲೈನಿನಲ್ಲಿ ತರಿಸಿದೆ. ಅದರಲ್ಲಿ ನಾಲ್ಕನೆಯ ತಲೆಮಾರಿನದು, ಐದನೆಯ ತಲೆಮಾರಿನದು ಎಂದು ಎರಡಿದ್ದವು. ನಾಲ್ಕಕ್ಕಿಂತ ಐದು ದೊಡ್ಡದೆಂಬುದು ಯಾರಿಗಾದರೂ ಗೊತ್ತು. ಇದೆಲ್ಲವನ್ನೂ ಹಿಡಿದಿಡುವ ಡಬ್ಬ, ಅಂದರೆ ಕ್ಯಾಬಿನೆಟ್ಟು, ಅದೂ ಆನ್‌ಲೈನಿನಲ್ಲೇ. ಅದನ್ನು ಮಾತ್ರ ಬಹಳ ಎಚ್ಚರಿಕೆಯಿಂದ ಆರಿಸಿದೆ. ನನ್ನ ಮೇಜಿನ ಪಕ್ಕದ ಸಂದಿಯನ್ನು ಟೇಪು ಹಿಡಿದು ಮಿಲಿಮೀಟರಿಗೆ ಅಳೆದು, ಆ ಸಂದಿಗೆ ಕರಾರುವಾಕ್ಕಾಗಿ ಕೂರುವಂಥ ಪುಟ್ಟ ಕಪ್ಪು ಡಬ್ಬವೊಂದನ್ನು ತರಿಸಿದೆ. ಬಂದ ದಿನ ಸಂದಿಯಲ್ಲಿಟ್ಟರೆ ಬೀಗ ಹಾಕಿದ ಹಾಗೆ ಕೂತಿತು. ಸುಜಾತಳನ್ನು ಕರೆದು ತೋರಿಸಿದೆ.

"ಚೆನ್ನಾಗೈತಿ," ಎಂದಳು. "ಒಳಗೆ ಅವೆಲ್ಲ ಹಿಡಿಸ್ತಾವಾ?"

"ಡಬ್ಬ ಮಾಡಿರೋದೇ ಅದಕ್ಕಲ್ವಾ?"

ಇಷ್ಟಾಗುವ ಹೊತ್ತಿಗೆ ನನ್ನ ಹೊಸ ಆಫೀಸಿಗೆ ಮೊದಲನೆಯ ಕಕ್ಷಿದಾರರೂ ಗೊತ್ತಾಗಿದ್ದರು. ಸೊರಬ ತಾಲ್ಲೂಕು ಕುಪ್ಪಗಡ್ಡೆಯ ಶೇಖರಪ್ಪ, ನಾಗೇಶಪ್ಪ ಎಂಬ ಅಣ್ಣತಮ್ಮಂದಿರು. ಗದ್ದೆಯ ಪಾಲಿನ ವಿಷಯದಲ್ಲಿ ಮೂರು ವರ್ಷಗಳಿಂದ ಅವರಿಗೆ ಮಾತಿಲ್ಲ. ಒಂದೇ ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಾರೆ, ಮಾತಿಲ್ಲ. ಅವರಿಬ್ಬರೂ ಒಪ್ಪಿದ ಒಂದೇ ಸಂಗತಿಯೆಂದರೆ ಸರ್ವೆಗೆ ನನ್ನನ್ನು ಕರೆಯುವುದು. ನಾನು ಅಳೆದು, ಕೈಯಿಂದ ಬರೆದ ಕಚ್ಚಾ ನಕ್ಷೆ ತೋರಿಸಿದೆ. ಶೇಖರಪ್ಪನವರು ಕನ್ನಡಕ ಹಾಕಿಕೊಂಡು ನೋಡಿ, "ಪೆನ್ಸಿಲ್ ಗೆರೆ ದಪ್ಪ ಪೂರಾ ನನ್ನ ಕಡೀಗೇ ಬಂದೈತಲ್ರಿ," ಎಂದರು. ನಾಗೇಶಪ್ಪ ಅದನ್ನೇ ತಲೆಕೆಳಗಾಗಿ ಹಿಡಿದು, ಗೆರೆ ತನ್ನ ಕಡೆಗೆ ಬಂದಿದೆ ಎಂದರು.

ಆಗ ನಾನೊಂದು ಮಾತಾಡಿದೆ. ಆಡಬಾರದಿತ್ತು.

"ನೋಡ್ರಿ, ಕಂಪ್ಯೂಟರಿನಲ್ಲಿ ಗೆರೆಗೆ ದಪ್ಪ ಅನ್ನೋದೇ ಇಲ್ಲ. ಸೋಮವಾರ ಹನ್ನೊಂದು ಗಂಟೆಗೆ ಇಬ್ಬರೂ ಶಿಕಾರಿಪುರಕ್ಕೆ ಬನ್ನಿ. ನನ್ನ ಆಫೀಸಿನಲ್ಲಿ ನಿಮ್ಮ ಕಣ್ಣೆದುರೇ ನಕ್ಷೆ ಎಳೀತೀನಿ. ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿ ನೋಡ್ಕಳಿ."

ಇಬ್ಬರೂ ಒಪ್ಪಿದರು. ಅದೇ ಊರಿನಲ್ಲಿ ಇನ್ನೂ ನಾಲ್ಕು ಮನೆಯವರು ಪಾಲಿಗೆ ಕಾದಿದ್ದರು. ಇವರ ಕೆಲಸ ಚೆನ್ನಾಗಿ ಆದರೆ ಅವರೂ ಬರುವವರೇ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಹೊಸ ಸ್ಕ್ರೂಡ್ರೈವರಿಗೆ ಕುಂಕುಮವಿಟ್ಟು, ಜೋಡಣಾ ಕಾರ್ಯಕ್ಕೆ ಕೂತೆ. ಪ್ರೊಸೆಸರು ಬೋರ್ಡಿನಲ್ಲಿ ಸರಿಯಾಗಿ ಕೂತಿತು. ಅದರ ಡಬ್ಬದಲ್ಲೇ ಬಂದಿದ್ದ, ಅದನ್ನು ತಣ್ಣಗಿಡುವ ಫ್ಯಾನನ್ನು ಕೈಗೆತ್ತಿಕೊಂಡೆ. ಅದರ ತಳದಲ್ಲಿ ಬೂದು ಬಣ್ಣದ್ದೇನೋ ಅಂಟು ಮೆತ್ತಿಕೊಂಡಿತ್ತು. ಹೊಸ ಸಾಮಾನಿಗೆ ಇಷ್ಟು ಕೊಳೆಯೇ! ಹಳೇ ಪಂಚೆಯ ತುಂಡಿನಿಂದ ತಿಕ್ಕಿ ತಿಕ್ಕಿ, ಮುಖ ಕಾಣುವ ಹಾಗೆ ಹೊಳಪು ಬರಿಸಿ ಕೂರಿಸಿದೆ.

ಆಮೇಲೆ ರ‍್ಯಾಮು. ಅದು ಕೂರಲಿಲ್ಲ. ತಿರುಗಿಸಿ ಇಟ್ಟೆ, ಕೂರಲಿಲ್ಲ. ಪಟ್ಟಿಯ ಅಂಚಿನ ಕಚ್ಚು ಒಂದು ಕಡೆ, ಬೋರ್ಡಿನ ಸೀಳಿನಲ್ಲಿರುವ ಉಬ್ಬು ಇನ್ನೊಂದು ಕಡೆ. ಎರಡಕ್ಕೂ ಒಂದು ಕೂದಲೆಳೆಯಷ್ಟು ಅಂತರ. ನಾನು ಅರ ತರಲು ಎದ್ದೆ.

"ಅರ ಯಾಕ್ರಿ?" ಎಂದು ಅಡುಗೆಮನೆಯಿಂದ ಸುಜಾತ ಕೇಳಿದಳು.

"ಸ್ವಲ್ಪ ಉಜ್ಜಿದ್ರೆ ಕೂತ್ಕೊಳ್ಳುತ್ತೆ."

ಅವಳು ಬಂದು ಅರವನ್ನು ನನ್ನ ಕೈಯಿಂದ ತೆಗೆದುಕೊಂಡಳು. ರ‍್ಯಾಮಿನ ಮೇಲೆ ಬರೆದದ್ದನ್ನೂ ಬೋರ್ಡಿನ ಮೇಲೆ ಬರೆದದ್ದನ್ನೂ ಒಂದು ಸಲ ಓದಿದಳು.

"ಇದು ಐದು, ಅದು ನಾಲ್ಕು. ಇಮ್ತಿಯಾಜ್ ಸಾಬ್ರ ಹತ್ರ ಹೋಗಿ ನಾಲ್ಕು ತಗಂಬರ್ರಿ."

ಮಧ್ಯಾಹ್ನದ ಬಸ್ಸಿಗೆ ಶಿರಾಳಕೊಪ್ಪಕ್ಕೆ ಹೋಗಿ ತಂದೆ. ಇಮ್ತಿಯಾಜ್ ಅವರು, "ಸರ್, ಬೇಕಾದ್ರೆ ಎಲ್ಲಾ ಇಲ್ಲಿಗೇ ತನ್ನಿ, ನಾನೇ ಜೋಡಿಸಿ ಕೊಡ್ತೀನಿ," ಎಂದರು. ನಾನು ನಕ್ಕು ಬಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಡಬ್ಬಕ್ಕೆ ಕೈ ಹಾಕಿದೆ. ಮದರ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು, ತೊಟ್ಟಿಲಿಗೆ ಮಗುವನ್ನು ಮಲಗಿಸುವ ಹಾಗೆ ಒಳಗೆ ಇಳಿಸಿದೆ. ಇಳಿಯಲಿಲ್ಲ. ಓರೆ ಮಾಡಿದೆ. ಡಬ್ಬವನ್ನೇ ಮಲಗಿಸಿದೆ. ಕೊನೆಗೆ ಟೇಪು ತಂದು ಅಳೆದೆ. ಬೋರ್ಡು ಹನ್ನೆರಡು ಇಂಚು ಉದ್ದ. ಡಬ್ಬದೊಳಗೆ ಬೋರ್ಡಿಗೆಂದು ಬಿಟ್ಟ ಜಾಗ ಏಳು ಇಂಚಿನ ಚಚ್ಚೌಕ. ನಾನು ಅಳೆದದ್ದು ಡಬ್ಬದ ಹೊರಗನ್ನು!

ಇಪ್ಪತ್ತೆರಡು ವರ್ಷ, ಎರಡು ತಾಲ್ಲೂಕು. ಒಂದು ಗೇಣು ಹೆಚ್ಚುಕಡಿಮೆ ಆದದ್ದು ನನ್ನ ಮನೆಯ ಮುಂದಿನ ಕೋಣೆಯಲ್ಲಿ.

ಸುಜಾತ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಇವತ್ತು ಭಾನುವಾರ, ಅಂಗಡಿ ಇರಲ್ಲ," ಎಂದಳು. "ಅವರಿಗೆ ಫೋನ್ ಮಾಡಿ ಬುಧವಾರ ಬರ್ರಿ ಅಂದ್ಬಿಡ್ರಿ."

"ಬೇಡ. ಡಬ್ಬ ಅನ್ನೋದು ಬರೀ ಅಲಂಕಾರ. ವಿಡಿಯೋದಲ್ಲೇ ಹೇಳಿದ್ದಾರೆ, ಬೋರ್ಡನ್ನು ಮರದ ಹಲಗೆ ಮೇಲಿಟ್ಟೂ ಓಡಿಸಬಹುದಂತೆ."

ಮನೆಯಲ್ಲಿ ಆ ಅಳತೆಯ ಮರದ ಹಲಗೆ ಒಂದೇ ಇತ್ತು. ಚಪಾತಿ ಮಣೆ. ಅದನ್ನು ಮೇಜಿನ ಮೇಲಿಟ್ಟು ಬೋರ್ಡನ್ನು ಅದರ ಮೇಲೆ ಮಲಗಿಸಿದೆ. ಕರೆಂಟು ಒದಗಿಸುವ ಪೆಟ್ಟಿಗೆಯೂ ಡಬ್ಬದಲ್ಲಿ ಹಿಡಿಸದ್ದರಿಂದ ಅದನ್ನು ಪಕ್ಕದಲ್ಲಿಟ್ಟೆ. ಆದರೂ ಡಬ್ಬವನ್ನು ಬಿಡುವಂತಿರಲಿಲ್ಲ. ಆನ್ ಮಾಡುವ ಗುಂಡಿ ಇದ್ದದ್ದು ಅದರ ಮೂತಿಯಲ್ಲಿ. ಅದರ ವೈರನ್ನು ಹೊರಗೆಳೆದು ಬೋರ್ಡಿಗೆ ಚುಚ್ಚಿದೆ. ಹೀಗೆ ಕಂಪ್ಯೂಟರ್ ಪೂರ್ತಿ ಹೊರಗೂ ಕಂಪ್ಯೂಟರಿನ ಡಬ್ಬ ಪೂರ್ತಿ ಖಾಲಿಯೂ ಆಗಿ ನನ್ನ ಆಫೀಸು ಸಿದ್ಧವಾಯಿತು. ಮಾನಿಟರು, ಅಂದರೆ ಪರದೆ, ಕಳಿಸುತ್ತೇನೆಂದಿದ್ದ ಪೇಟೆಯ ಅಂಗಡಿಯವರು ಅದನ್ನು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಳಿಸಿದರು. ಪರೀಕ್ಷಿಸಿ ನೋಡಲು ಹೊತ್ತಿರಲಿಲ್ಲ. ಅದರ ಅಗತ್ಯವೂ ನನಗೆ ಕಾಣಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಅವರು ಬಂದರು. ಶೇಖರಪ್ಪ ಬಸ್ಸಿನಲ್ಲಿ, ನಾಗೇಶಪ್ಪ ಬೈಕಿನಲ್ಲಿ. ಸುಜಾತ ಅವತ್ತು ರಜೆ ಹಾಕಿದ್ದಳು. ಯಾಕೆ ಎಂದು ನಾನು ಕೇಳಿರಲಿಲ್ಲ. ಮೇಜಿನ ಮುಂದೆ ಎರಡು ಕುರ್ಚಿ ಹಾಕಿದ್ದೆ. ಇಬ್ಬರೂ ಕೂತರು, ಆದರೆ ಮುಖ ಬೇರೆ ಬೇರೆ ಗೋಡೆಗೆ.

"ಸರ್ವೆಯರ್ರೇ, ಸ್ವಲ್ಪ ಆ ಕಡೀಗೆ ಸರಿಯಕ್ಕೆ ಅವರಿಗೆ ಹೇಳ್ರಿ," ಎಂದು ಶೇಖರಪ್ಪ ತಮ್ಮನ ಮೊಣಕೈ ನೋಡುತ್ತ ನನಗೆ ಹೇಳಿದರು.

"ಜಾಗ ಬೇಕಾದಷ್ಟೈತೆ ಅಂತ ಅವರಿಗೆ ಹೇಳ್ರಿ," ಎಂದು ನಾಗೇಶಪ್ಪನೂ ನನಗೇ ಹೇಳಿದರು.

ನಾನು ಇಬ್ಬರಿಗೂ ಹೇಳಿದೆ. ಆಮೇಲೆ ಇಬ್ಬರ ದೃಷ್ಟಿಯೂ ಮೇಜಿನ ಮೇಲೆ ಬಿತ್ತು.

"ಇದು ಎಂತದು ಮಾರಾಯ್ರೇ?" ಶೇಖರಪ್ಪ ಮುಂದೆ ಬಾಗಿದರು. "ಚಪಾತಿ ಮಣೆ ಅಲ್ಲನ್ರಿ ಇದು?"

"ತಾತ್ಕಾಲಿಕ ವ್ಯವಸ್ಥೆ," ಎಂದೆ. ಅವರು ಪಕ್ಕದ ಕಪ್ಪು ಡಬ್ಬದೊಳಗೂ ಇಣುಕಿ ನೋಡಿದರು. ಬೋರ್ಡಿನ ಮೇಲೊಮ್ಮೆ, ಡಬ್ಬದ ಬಾಯಿಗೊಮ್ಮೆ ಗೇಣು ಇಟ್ಟು ಅಳೆದರು.

ನಾನು ಗಂಟಲು ಸರಿಪಡಿಸಿಕೊಂಡು ಡಬ್ಬದ ಗುಂಡಿ ಒತ್ತಿದೆ.

ಏನೂ ಆಗಲಿಲ್ಲ.

ಮತ್ತೊಮ್ಮೆ ಒತ್ತಿದೆ. ವೈರುಗಳನ್ನು ಕಿತ್ತು ಮತ್ತೆ ಚುಚ್ಚಿದೆ. ಬೆವರು ಬಂತು. ಮೇಜಿನ ಕೆಳಗೆ ಕೂತು ಪ್ಲಗ್ಗು ಅಲುಗಾಡಿಸಿದೆ. ಹತ್ತು ನಿಮಿಷ ಹೋಯಿತು. ಮೇಜಿನ ಕೆಳಗಿನಿಂದ ನನಗೆ ನಾಲ್ಕು ಕಾಲು ಕಾಣುತ್ತಿದ್ದವು. ಮೊದಲು ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು, ಈಗ ಮೇಜಿನತ್ತ ತಿರುಗಿದ್ದವು. ಮೇಲೆ ಯಾರೋ ಮೊಬೈಲಿನ ಬೆಳಕು ಬಿಟ್ಟಿದ್ದರು.

"ಈ ಪೆಟ್ಟಿಗೆ ಹಿಂದೆ ಒಂದು ಸ್ವಿಚ್ ಐತೆ ನೋಡು," ಎಂದು ಶೇಖರಪ್ಪನ ದನಿ ಕೇಳಿತು. "ಆಫ್ ಆಗೇ ಐತೆ ಅದು. ಲೋ ನಾಗ, ವೈರ್ ಅಡ್ಡ ಬರ್ತದೆ, ಒಂಚೂರು ಎತ್ತಿ ಹಿಡಿಯ."

"ಯಾವ್ದಣ್ಣ? ಈ ದಪ್ಪಂದಾ?"

"ಅದೇ."

ಟಕ್ ಎಂದು ಶಬ್ದವಾಯಿತು. ನಾಗೇಶಪ್ಪ ಗುಂಡಿ ಒತ್ತಿದರು. ಫ್ಯಾನು ಗಿರ್ರನೆ ತಿರುಗಿತು! ನಾನು ಸಂತೋಷದಲ್ಲಿ ಎದ್ದು ಮೇಜಿಗೆ ತಲೆ ಹೊಡೆಸಿಕೊಂಡೆ. ಹೊರಗೆ ಬಂದಾಗ ಸುಜಾತ ಕೈಯಲ್ಲಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ಅಲುಗಾಡದೆ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಫ್ಯಾನನ್ನಲ್ಲ, ಆ ಇಬ್ಬರನ್ನು. ಅವರಿಬ್ಬರೂ ಒಂದು ಗಳಿಗೆ ಪೆಚ್ಚಾಗಿ, ತಿರುಗುವ ಫ್ಯಾನನ್ನೇ ನೋಡುತ್ತ ನಿಂತಿದ್ದರು. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ನಾನು ಮಾನಿಟರು ನೋಡುತ್ತಿದ್ದೆ.

ಮಾನಿಟರು ಕಪ್ಪಗಿತ್ತು. 'ಸಿಗ್ನಲ್ ಇಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದು, ಅದೂ ಆರಿಹೋಯಿತು.

"ಕೇಬಲ್ ಸಡಿಲ ಇರಬಹುದನ," ಎಂದರು ನಾಗೇಶಪ್ಪ. "ನಮ್ಮ ಮೋಟರ್ ಸ್ಟಾರ್ಟರ್ ಹಿಂಗೇ ಮಾಡ್ತದೆ. ಅಲ್ಲನಣ್ಣ?"

"ಅದಕ್ಕೆ ನೀನು ಒಂದು ಒದೆ ಕೊಡ್ತಿದ್ಯಲ್ಲ."

"ಇದಕ್ಕೆ ಒದೆಯಕ್ಕೆ ಬರ್ತದಾ?" ಎಂದು ನಾಗೇಶಪ್ಪ ನನ್ನನ್ನು ಕೇಳಿದರು. ಬರುವುದಿಲ್ಲ ಎಂದೆ. ಇಬ್ಬರೂ ಸೇರಿ ಕೇಬಲ್ಲು ತೆಗೆದು, ಊದಿ, ಮತ್ತೆ ಹಾಕಿದರು. ಒಬ್ಬರು ಮಾನಿಟರು ಎತ್ತಿದರು, ಇನ್ನೊಬ್ಬರು ಹಿಂದೆ ನೋಡಿದರು. ನಾನು ನನ್ನದೇ ಆಫೀಸಿನಲ್ಲಿ ಗೋಡೆಗೆ ಒತ್ತಿಕೊಂಡು, ಅವರಿಗೆ ಅಡ್ಡ ಬಾರದ ಹಾಗೆ ನಿಂತಿದ್ದೆ.

ಸುಜಾತ ತಟ್ಟೆ ಇಟ್ಟು ಇಮ್ತಿಯಾಜ್ ಅವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಮೇಡಂ, ಪ್ರೊಸೆಸರ್ ನಂಬರಿನ ಕೊನೇಲಿ ಎಫ್ ಇದೆಯಲ್ಲ, ಅದರಲ್ಲಿ ಚಿತ್ರ ಬರಲ್ಲ. ಪರದೆ ಮೇಲೆ ಏನಾದ್ರೂ ಕಾಣ್ಬೇಕು ಅಂದ್ರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕ್ಬೇಕು. ಸರ್‌ಗೆ ಆವತ್ತೇ ಕೇಳಿದ್ದೆ."

"ನಾನು ಆಟ ಆಡಲ್ಲ ಅಂದಿದ್ದೆ," ಎಂದೆ ನಾನು.

"ಹೌದು ಸರ್. ಕಾರ್ಡು ಬೇರೆ ಕಡೆ ತಗೊಂಡಿರ್ತೀರಿ ಅಂದ್ಕೊಂಡೆ. ಏನೂ ನೋಡೋದೇ ಇಲ್ಲ ಅಂತ ಅಂದ್ಕೊಳ್ಳಲಿಲ್ಲ."

ಕಕ್ಷಿದಾರರಿಗೆ ಪರಿಸ್ಥಿತಿ ವಿವರಿಸುವುದು ನನ್ನ ಕರ್ತವ್ಯವೆನಿಸಿತು. "ಏನಿಲ್ಲ, ಕಂಪ್ಯೂಟರ್ ಈಗ ಸರಿಯಾಗೇ ಕೆಲಸ ಮಾಡ್ತಾ ಇದೆ," ಎಂದೆ. "ನಮಗೆ ಕಾಣಲ್ಲ, ಅಷ್ಟೇ."

ಶೇಖರಪ್ಪ ಬಹಳ ಹೊತ್ತು ಕಪ್ಪು ಪರದೆಯನ್ನು ನೋಡಿದರು. "ನಮ್ಮ ಗದ್ದೆ ಒಳಗೈತಾ?"

"ಇಲ್ಲ. ಅದಿನ್ನೂ ಹಾಕಿಲ್ಲ."

"ಇನ್ನೊಂದು ವಿಷಯ ಸರ್," ಇಮ್ತಿಯಾಜ್ ಅವರು ಫೋನಿನಲ್ಲಿ ಮುಂದುವರಿಸಿದರು. "ಆ ಫ್ಯಾನ್ ತಳದಲ್ಲಿ ಬೂದು ಬಣ್ಣದ ಪೇಸ್ಟ್ ಇತ್ತಲ್ಲ, ಅದು ಸರಿಯಾಗಿ ಕೂತಿದೆಯಾ? ಶಾಖ ಹೋಗೋದು ಅದರಿಂದಾನೇ."

ಸುಜಾತ ನನ್ನ ಕಡೆ ತಿರುಗಿದಳು. ಅಣ್ಣತಮ್ಮಂದಿರೂ ತಿರುಗಿದರು.

"ಒರೆಸಿದೆ," ಎಂದೆ.

"ಯಾಕೆ ಸರ್?"

"ಕೊಳೆ ಅಂತ."

ಇಮ್ತಿಯಾಜ್ ಅವರು ಸಣ್ಣ ದನಿಯಲ್ಲಿ, "ಈಗಲೇ ಆಫ್ ಮಾಡಿ ಸರ್," ಎಂದರು. ಅವರ ಮಾತು ಮುಗಿಯುವ ಮೊದಲೇ ನಾಗೇಶಪ್ಪ ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತು, ಅದನ್ನು ನನ್ನ ಕೈಗೆ ಸಿಗದಷ್ಟು ದೂರದಲ್ಲಿಟ್ಟರು.

ಕಾಫಿ ಕುಡಿದರು. ಸುಜಾತ ಅವಲಕ್ಕಿಯನ್ನೂ ಕೊಟ್ಟಳು. ತಿನ್ನುತ್ತ ಅಣ್ಣತಮ್ಮಂದಿರು ಏನನ್ನೋ ಮೆಲ್ಲಗೆ ಮಾತಾಡಿಕೊಂಡರು. ಅಣ್ಣ ತಲೆಯಾಡಿಸಿದರು, ತಮ್ಮ ನಕ್ಕರು, ಇಬ್ಬರೂ ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಎದ್ದರು. ನಾನು ಗೇಟಿನವರೆಗೆ ಹೋದೆ. ನಾಗೇಶಪ್ಪ ಬೈಕು ತಿರುಗಿಸಿ ನಿಲ್ಲಿಸಿದರು. ಶೇಖರಪ್ಪ ಪಂಚೆ ಎತ್ತಿ ಕಟ್ಟಿ, ತಮ್ಮನ ಹೆಗಲು ಹಿಡಿದು, ಹಿಂದಿನ ಸೀಟಿನಲ್ಲಿ ಕೂತರು. ಮೂರು ವರ್ಷ ಮಾತಿಲ್ಲದವರು!

"ಸರ್ವೆಯರ್ರೇ," ಶೇಖರಪ್ಪ ನನ್ನ ಕೈ ಹಿಡಿದುಕೊಂಡರು. "ನೀವು ತೆಪ್ಪು ತಿಳ್ಕಬಾರ್ದು. ನಾವಿಬ್ರೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದಿದೀವಿ."

"ಹೇಳ್ರಿ, ಹೇಳ್ರಿ," ಎಂದೆ. ಪಾಲೇ ಬೇಡವೆಂದು ನಿಶ್ಚಯಿಸಿದ್ದಾರೆ ಎನಿಸಿತು. ನನ್ನ ಕೆಲಸ ಹೋದರೆ ಹೋಗಲಿ, ಒಂದು ಮನೆ ಉಳಿಯಿತಲ್ಲ ಎಂದು ಹೆಮ್ಮೆಯಿಂದ ಎದೆ ಉಬ್ಬಿತು.

"ಪಾಲು ಆಗೇ ಆಗ್ಬೇಕು," ಎಂದರು ಶೇಖರಪ್ಪ. "ಆದ್ರೆ ನಿಮ್ಮ ಹತ್ರ ಬೇಡ. ಬೇರೆ ಸರ್ವೆಯರ್‌ನ ನೋಡಣ ಅಂತ. ಒಂದು ಡಬ್ಬದ ಅಳತೆ ತೆಪ್ಪಿದೋರು, ನಮ್ದು ನಾಲ್ಕೆಕರೆ ಐತೆ ನೋಡ್ರಿ."

"ಅಣ್ಣ ಹೇಳಿದ್ದೇ ನಂದೂ ಮಾತು," ಎಂದರು ನಾಗೇಶಪ್ಪ.

ಬೈಕು ಸೊರಬದ ರಸ್ತೆ ಹಿಡಿದು ಹೋಯಿತು. ಹೋಗುವಾಗ ಅಣ್ಣ ತಮ್ಮನ ಕಿವಿಯಲ್ಲಿ ಏನೋ ಹೇಳುತ್ತಿದ್ದರು, ತಮ್ಮನ ಬೆನ್ನು ನಗುವಿನಿಂದ ಕುಲುಕುತ್ತಿತ್ತು.

ಒಳಗೆ ಬಂದೆ. ಸುಜಾತ ಬೋರ್ಡನ್ನು ಜೋಪಾನವಾಗಿ ರಟ್ಟಿನ ಪೆಟ್ಟಿಗೆಗೆ ಇಳಿಸುತ್ತಿದ್ದಳು.

"ಏನಂದ್ರು?" ಎಂದು ಕೇಳಿದಳು.

"ಇಬ್ರೂ ಒಂದಾದ್ರು," ಎಂದೆ.

"ಒಳ್ಳೇದಾತಲ್ರಿ! ಎದ್ರಾಗೆ?"

"ನನ್ನ ವಿಷಯದಲ್ಲಿ."